ಗಡಿಯಾರ ನೋಡಿ ಹೋಟೆಲ್ ಆರಿಸಿ: ಬೆಂಗಳೂರಿನ ಹೊರಬಡಾವಣೆಗಳಲ್ಲಿ ಊಟ-ತಿಂಡಿಗೆ ಹೊರಡುವವರಿಗೆ

ಕೆಂಗೇರಿಯಲ್ಲಾಗಲಿ ಯಲಹಂಕದಲ್ಲಾಗಲಿ, ನಾಗರಬಾವಿಯಲ್ಲಾಗಲಿ ವಿದ್ಯಾರಣ್ಯಪುರದಲ್ಲಾಗಲಿ, ಮುಖ್ಯರಸ್ತೆಗೆ ಬಂದು ನಿಂತರೆ ಎರಡೂ ಕಡೆ ಹೋಟೆಲ್ ಬೋರ್ಡುಗಳೇ. ಯಾವುದಕ್ಕೆ ಹೋಗೋಣ ಅಂತ ಮನೆಯಲ್ಲಿ ಅರ್ಧ ಗಂಟೆ ಚರ್ಚೆ ನಡೆಯುತ್ತದೆ, ಫೋನಿನಲ್ಲಿ ಸ್ಟಾರ್ ಎಣಿಸುವುದಾಗುತ್ತದೆ, ಕೊನೆಗೆ ಮಧ್ಯಾಹ್ನ 12ಕ್ಕೆ ಮಸಾಲೆ ದೋಸೆ ತಿನ್ನಲು ಹೋಗಿ ಬೇಸರಪಟ್ಟು ಬರುವುದಾಗುತ್ತದೆ. ಅದೇ ಹೋಟೆಲು, ಅದೇ ಭಟ್ಟರು. ಬೆಳಿಗ್ಗೆ 8ಕ್ಕೆ ಗರಿಗರಿಯಾಗಿ ಎದ್ದ ದೋಸೆ 12ಕ್ಕೆ ಯಾಕೆ ಮೆತ್ತಗಾಯಿತು? ಹಿಟ್ಟು ತಳಕ್ಕೆ ಬಂದು ಹುಳಿ ಏರಿತ್ತು, ಆರಿಸಿದ್ದ ಕಾವಲಿಯನ್ನು ಒಂದೇ ಒಂದು ದೋಸೆಗಾಗಿ ಮತ್ತೆ ಹಚ್ಚಿದ್ದರು.

ಈ ಬಡಾವಣೆಗಳ ಹೋಟೆಲುಗಳಲ್ಲಿ ರುಚಿಯನ್ನೂ ಆರೋಗ್ಯವನ್ನೂ ಕಾಯುವುದು ಹೊತ್ತು. ಯಾವ ಪದಾರ್ಥ ಯಾವ ಹೊತ್ತಿಗೆ ಬಿಸಿಬಿಸಿಯಾಗಿ ಒಲೆಯಿಂದ ಇಳಿದು ಖರ್ಚಾಗುತ್ತಿದೆಯೋ ಅದನ್ನೇ ತಿನ್ನಬೇಕು. ಹೆಸರು, ಬೋರ್ಡು, ಎಸಿ ಎಲ್ಲ ಆಮೇಲಿನ ಮಾತು. ಇಲ್ಲಿ ಹೇಳಿರುವುದೆಲ್ಲ ಬೆಂಗಳೂರಿನ ಹೊರವಲಯಕ್ಕೆ ಹೊಂದುವಂಥದ್ದು. ಮೈಸೂರು, ತುಮಕೂರಿನ ಹೊಸ ಬಡಾವಣೆಗಳಲ್ಲೂ ಬಹುಪಾಲು ಇದೇ ಲೆಕ್ಕ ನಡೆಯುತ್ತದೆ.

ಮೊದಲು ಹೊತ್ತು ಗೊತ್ತುಮಾಡಿ

ಮನೆಯಿಂದ ಹೊರಡುವ ಮೊದಲು ಗಡಿಯಾರ ನೋಡಿ. ಬೆಳಿಗ್ಗೆ 7ರಿಂದ 10:30ರವರೆಗೆ ದರ್ಶಿನಿಯ ಹೊತ್ತು: ಇಡ್ಲಿ, ವಡೆ, ದೋಸೆ, ಬಾತುಗಳು. 11:30ರಿಂದ 12:15ರವರೆಗಿನ ಮುಕ್ಕಾಲು ಗಂಟೆ ಹೆಚ್ಚುಕಡಿಮೆ ಎಲ್ಲ ಹೋಟೆಲುಗಳಲ್ಲೂ ಸಂಧಿಕಾಲ. ತಿಂಡಿ ಮುಗಿದಿರುತ್ತದೆ, ಊಟ ಆಗಿರುವುದಿಲ್ಲ. ಆ ಹೊತ್ತಿನಲ್ಲಿ ಕಾಫಿ ಕುಡಿಯಿರಿ, ಊಟಕ್ಕೆ ಕೂರಬೇಡಿ. 12:30ರಿಂದ 2:30 ಊಟದ ಹೊತ್ತು. 3ರ ಮೇಲೆ ಸಿಗುವ ಊಟದಲ್ಲಿ ಪಲ್ಯ ಬದಲಾಗಿರುತ್ತದೆ, ಹಪ್ಪಳ ಮೆತ್ತಗಿರುತ್ತದೆ, ಅನ್ನ ಡಬ್ಬಿಯ ತಳದ್ದಾಗಿರುತ್ತದೆ. ಸಂಜೆ 4:30ಕ್ಕೆ ಕಾವಲಿ ಮತ್ತೆ ಹತ್ತುತ್ತದೆ, ಎಣ್ಣೆ ಬಾಣಲೆ ಇಡುತ್ತಾರೆ. ರಾತ್ರಿ 7:30ರಿಂದ ರೊಟ್ಟಿ, ತಂದೂರಿ, ಬಿರಿಯಾನಿ.

ಭಾನುವಾರ ಈ ಲೆಕ್ಕ ಸುಮಾರು ಒಂದು ಗಂಟೆ ಮುಂದಕ್ಕೆ ಸರಿಯುತ್ತದೆ. ತಿಂಡಿಯ ನೂಕುನುಗ್ಗಲು 9ಕ್ಕೆ ಶುರುವಾಗಿ 11ರವರೆಗೂ ಇಳಿಯುವುದಿಲ್ಲ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಭಾನುವಾರ 8ರೊಳಗೆ ತಿಂಡಿ ಮುಗಿಸಿ. ಪಾರ್ಕಿಂಗೂ ಸಿಗುತ್ತದೆ, ಕೂರಲು ಜಾಗವೂ ಸಿಗುತ್ತದೆ.

ದರ್ಶಿನಿಯಲ್ಲಿ

1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ ಈ ಮಾದರಿಗೆ ಹೆಸರು ಬಂತು. ನಿಂತು ತಿನ್ನುವುದು, ಮೊದಲೇ ದುಡ್ಡು ಕೊಡುವುದು, ಅಡುಗೆಮನೆ ಕಣ್ಣಿಗೆ ಕಾಣುವುದು, ಈ ಮೂರೇ ಅದರ ಗುಟ್ಟು. ಗ್ರಾಹಕರಿಗೆ ಇದರಲ್ಲಿ ದೊಡ್ಡ ಲಾಭವಿದೆ: ತಿನ್ನುವ ಮೊದಲೇ ಎಲ್ಲವನ್ನೂ ನೋಡಬಹುದು. ನೋಡಿಯೇ ಬಿಲ್ ಹಾಕಿಸಿ.

ಕ್ಯಾಶ್ ಕೌಂಟರಿನ ಸಾಲಿನಲ್ಲಿ ನಿಲ್ಲುವ ಮುನ್ನ ಒಂದು ನಿಮಿಷ ಕೊಡುವ ಕೌಂಟರಿನ ಕಡೆ ಕಣ್ಣು ಹಾಯಿಸಿ. ಇಡ್ಲಿ ಪಾತ್ರೆಯಿಂದ ಹಬೆ ಬರುತ್ತಿದೆಯಾ, ಇಲ್ಲ ಇಡ್ಲಿ ಹಾಟ್‌ಬಾಕ್ಸಿನಲ್ಲಿ ಕೂತಿದೆಯಾ? ವಡೆ ಬಾಣಲೆಯಿಂದ ಬರುತ್ತಿದೆಯಾ, ಗಾಜಿನ ಪೆಟ್ಟಿಗೆಯಿಂದಲಾ? ಬಿಸಿಬೇಳೆಬಾತಿನ ಮೇಲೆ ಕೆನೆಗಟ್ಟಿದೆಯಾ? ಕೆನೆಗಟ್ಟಿದ್ದರೆ ಅದು ಒಲೆಯಿಂದ ಇಳಿದು ಬಹಳ ಹೊತ್ತಾಗಿದೆ.

ದೋಸೆ ಬೇಕಿದ್ದರೆ ಕಾವಲಿಯ ಪಕ್ಕ ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ದೊಡ್ಡ ಕಾವಲಿಯ ಮೇಲೆ ಒಂದೇ ಸಲಕ್ಕೆ ಹತ್ತು-ಹನ್ನೆರಡು ದೋಸೆ ಬೀಳುತ್ತವೆ. ಹುಯ್ಯುವ ಮುನ್ನ ಭಟ್ಟರು ನೀರು ಚಿಮುಕಿಸಿ ಪೊರಕೆಯಿಂದ ಎಳೆಯುತ್ತಾರೆ. ಆ ನೀರು ಚುಂಯ್ ಎಂದು ಹನಿಹನಿಯಾಗಿ ಓಡಿ ಆವಿಯಾದರೆ ಕಾವು ಸರಿಯಿದೆ ಎಂದರ್ಥ. ನೀರು ಮಡುಗಟ್ಟಿ ನಿಧಾನಕ್ಕೆ ಕುದಿದರೆ ಕಾವಲಿ ತಣಿದಿದೆ, ಆ ಸುತ್ತಿನ ದೋಸೆ ಬಿಳಿಚಿಕೊಂಡೇ ಬರುತ್ತದೆ. ನೂಕುನುಗ್ಗಲಿನಲ್ಲಿ ದೋಸೆ ಪೇಲವವಾಗಲು ಇದೇ ಕಾರಣ. ಒಂದರ ಹಿಂದೆ ಒಂದು ಸುತ್ತು ಹುಯ್ಯುತ್ತಿದ್ದರೆ ಕಾವಲಿಗೆ ಮತ್ತೆ ಕಾಯಲು ಬಿಡುವೇ ಸಿಗುವುದಿಲ್ಲ. ಅಂಥಾ ಹೊತ್ತಿನಲ್ಲಿ “ಅಣ್ಣಾ, ಒಂದು ಸುತ್ತು ಬಿಟ್ಟು ಕೊಡಿ, ರೋಸ್ಟ್ ಆಗಲಿ” ಅಂದರೆ ಮೂರ್ನಾಲ್ಕು ನಿಮಿಷ ಹೆಚ್ಚು ಕಾಯಬೇಕಾಗುತ್ತದೆ, ಆದರೆ ಸಿಗುವ ದೋಸೆಯೇ ಬೇರೆ. ಬೆಳಿಗ್ಗೆ ಬಾಗಿಲು ತೆಗೆದಾಗಿನ ಮೊದಲ ಸುತ್ತೂ ಅಷ್ಟಕ್ಕಷ್ಟೇ. ಕಾವಲಿ ಇನ್ನೂ ಪಳಗಿರುವುದಿಲ್ಲ.

ಕೇಳುವ ರೀತಿ ಗೊತ್ತಿದ್ದರೆ ಅರ್ಧ ಕೆಲಸ ಸಲೀಸು. ಇಡ್ಲಿ-ವಡೆ ಸಾಂಬಾರಿನಲ್ಲಿ ಮುಳುಗಿ ಬೇಕಿದ್ದರೆ “ಡಿಪ್”, ಬೇರೆ ಬೇಕಿದ್ದರೆ “ಸೆಪರೇಟ್”. ಸೆಟ್ ದೋಸೆ ಅಂದರೆ ಸಾಮಾನ್ಯವಾಗಿ 3 ಮೆತ್ತನೆಯ ದೋಸೆ, ಜೊತೆಗೆ ಸಾಗು. ಹಲ್ಲಿಲ್ಲದ ಅಜ್ಜ-ಅಜ್ಜಿಗೂ ಮಗುವಿಗೂ ಇದೇ ವಾಸಿ. ಚೌಚೌ ಬಾತ್ ಅಂದರೆ ಒಂದೇ ತಟ್ಟೆಯಲ್ಲಿ ಖಾರಾಬಾತು, ಕೇಸರಿಬಾತು. ಆದರೆ ಇದನ್ನು 9ರೊಳಗೆ ತಿನ್ನಿ, ಯಾಕೆಂದರೆ ಖಾರಾಬಾತು ಆರಿದರೆ ಗಟ್ಟಿಯಾಗುತ್ತದೆ. ಕೆಲವೆಡೆ ಬಿಸಿನೀರು ಹಾಕಿ ಸಡಿಲ ಮಾಡುತ್ತಾರೆ, ಆಗ ಉಪ್ಪು-ಖಾರ ಎರಡೂ ಸಪ್ಪೆಯಾಗುತ್ತವೆ. ಇಬ್ಬರಿಗೆ ಒಂದು ಕಾಫಿಯಾದರೆ “ಬೈ ಟು”. ಮಧುಮೇಹ ಇರುವವರು ಸಕ್ಕರೆ ಬೇಡ ಎಂಬುದನ್ನು ಕಾಫಿ ಕೌಂಟರಿನವರಿಗೆ ಹಾಕುವ ಮೊದಲೇ ಹೇಳಬೇಕು, ಎಷ್ಟೋ ಕಡೆ ಲೋಟಗಳಿಗೆ ಸಕ್ಕರೆ ಮೊದಲೇ ಬಿದ್ದಿರುತ್ತದೆ. ಇನ್ನೊಂದು ಎಚ್ಚರ: ಉಡುಪಿ ಶೈಲಿಯ ಸಾಂಬಾರಿನಲ್ಲಿ ಬೆಲ್ಲ ಇರುತ್ತದೆ. ಸಕ್ಕರೆಯಿಲ್ಲದ ಕಾಫಿ ಕುಡಿದು ಎರಡು ಬಟ್ಟಲು ಸಾಂಬಾರು ಹೀರಿದರೆ ಲೆಕ್ಕ ತಪ್ಪುತ್ತದೆ.

ಇನ್ನು ಚಟ್ನಿ. ಇಡೀ ತಟ್ಟೆಯಲ್ಲಿ ಬೇಗ ಕೆಡುವುದು ಇದೇ. ಹಸಿ ತೆಂಗಿನಕಾಯಿ, ನೀರು, ಒಗ್ಗರಣೆ ಬಿಟ್ಟರೆ ಬೇಯಿಸಿದ್ದು ಏನೂ ಇಲ್ಲ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಹೊರಗಿಟ್ಟ ಚಟ್ನಿ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಮೊದಲು ವಾಸನೆ ನೋಡಿ, ಆಮೇಲೆ ನಾಲಿಗೆಯ ತುದಿಗೆ ಇಡಿ. ಕಾಯಿಯ ಸಿಹಿ ಹೋಗಿ ಚುರುಕು ಹುಳಿ ಬಂದಿದ್ದರೆ ಪಕ್ಕಕ್ಕಿಡಿ, ಸಾಂಬಾರಿನಲ್ಲೇ ಮುಗಿಸಿ. ಚಟ್ನಿಪುಡಿ ಸಿಕ್ಕರೆ ಒಳ್ಳೆಯದು, ಅದು ಅಷ್ಟು ಬೇಗ ಕೆಡುವುದಿಲ್ಲ.

ಚಮಚದ ಡಬ್ಬಿಯನ್ನೂ ನೋಡಿ. ಬಿಸಿನೀರಿನಲ್ಲಿ ಮುಳುಗಿಸಿಟ್ಟಿರುತ್ತಾರೆ. ಆ ನೀರು ಹೊಗೆಯಾಡುತ್ತಿದ್ದರೆ ಸರಿ. ಉಗುರುಬೆಚ್ಚಗಾಗಿ, ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಆ ಚಮಚ ಒಣಗಿದ್ದಕ್ಕಿಂತಲೂ ಕೊಳಕು. ಕೈ ತೊಳೆದು ಕೈಯಲ್ಲೇ ತಿನ್ನಿ.

ಇಡ್ಲಿ ಬೇಯಿಸುವ ತಟ್ಟೆಗೆ ಏನು ಹಾಸಿದ್ದಾರೆ ಎನ್ನುವುದು ಈಗ ಕೇಳಲೇಬೇಕಾದ ಪ್ರಶ್ನೆ. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದು ಪತ್ತೆಯಾಗಿ 2025ರ ಆರಂಭದಲ್ಲಿ ರಾಜ್ಯದ ಆರೋಗ್ಯ ಇಲಾಖೆ ಅದನ್ನು ತಡೆಯಲು ಮುಂದಾಯಿತು. ಪ್ಲಾಸ್ಟಿಕ್ಕಿನ ಮೇಲೆ ಬೆಂದ ಇಡ್ಲಿಯ ತಳ ನುಣ್ಣಗೆ ಹೊಳೆಯುತ್ತದೆ. ಬಟ್ಟೆಯ ಮೇಲೆ ಬೆಂದದ್ದರ ತಳದಲ್ಲಿ ನೇಯ್ಗೆಯ ಸಣ್ಣ ಗೆರೆಗಳು ಕಾಣುತ್ತವೆ. ಎಣ್ಣೆ ಸವರಿದ ಸ್ಟೀಲ್ ತಟ್ಟೆಯದ್ದೂ ನುಣ್ಣಗಿರಬಹುದು. ಅನುಮಾನವಿದ್ದರೆ ಕೇಳಿಬಿಡಿ, ಒಲೆ ಎದುರಿಗೇ ಇದೆಯಲ್ಲ.

ತಟ್ಟೆ ಇಡ್ಲಿಗಾಗಿ ಕೆಂಗೇರಿ ದಾಟಿ ಬಿಡದಿಗೆ ಹೋಗುವವರಿಗೆ ಒಂದು ಮಾತು. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಮುಖ್ಯಹೆದ್ದಾರಿ ಬಿಡದಿ ಊರೊಳಗೆ ಹೋಗದೆ ಹೊರಗಿನಿಂದ ಸುತ್ತಿ ಹೋಗುತ್ತದೆ. ಕಾರಿನವರು ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿದು ಹಳೆಯ ರಸ್ತೆ ಹಿಡಿಯಬೇಕು, ಇಲ್ಲದಿದ್ದರೆ ಊರು ದಾಟಿಹೋಗುತ್ತದೆ. ಬೈಕಿನವರಿಗೆ ಹೇಗೂ ಸರ್ವಿಸ್ ರಸ್ತೆಯೇ ಗತಿ, 2023ರ ಆಗಸ್ಟ್ 1ರಿಂದ ಮುಖ್ಯ ಹಾದಿಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ.

ಮಧ್ಯಾಹ್ನದ ಮೂರು ಬಗೆ

ಒಂದು, ಉಡುಪಿ ಶೈಲಿಯ ಊಟ. ಮಿನಿ ಊಟ ಅಳತೆಯದ್ದು, ಫುಲ್ ಊಟದಲ್ಲಿ ಅನ್ನ-ಸಾರು-ಪಲ್ಯ ಮತ್ತೆ ಬಡಿಸುತ್ತಾರೆ. ಫುಲ್ ಊಟವನ್ನು ಇಬ್ಬರು ಹಂಚಿಕೊಳ್ಳಲು ಬಿಡುವುದಿಲ್ಲ, ಗೋಡೆಯ ಮೇಲೆ ಬರೆದೇ ಇರುತ್ತದೆ. ಹಾಗಾಗಿ ದೊಡ್ಡವರಿಬ್ಬರು ಮಕ್ಕಳಿಬ್ಬರಾದರೆ ಎರಡು ಫುಲ್, ಮಕ್ಕಳಿಗೊಂದು ಮಿನಿ ಊಟ, ಮೇಲೊಂದು ಮೊಸರನ್ನ ಸಾಕಾಗುತ್ತದೆ. ಕೆಳಗಿನ ಹಾಲ್‌ಗೂ ಮೇಲಿನ ಎಸಿ ಹಾಲ್‌ಗೂ ದರ ಬೇರೆ ಇರಬಹುದು. ಕೂರುವ ಮೊದಲು ಮೆನು ಕಾರ್ಡ್ ನೋಡಿ. ಮೊದಲ ಪಂಕ್ತಿ ಏಳುವ ಹೊತ್ತು, ಅಂದರೆ 1:10ರ ಸುಮಾರು, ಎಲ್ಲಕ್ಕಿಂತ ಒಳ್ಳೆಯದು. ಎರಡನೇ ಸುತ್ತಿನ ಅನ್ನವನ್ನು ಆಗಷ್ಟೇ ಬಸಿದಿರುತ್ತಾರೆ.

ಎರಡು, ಖಾನಾವಳಿ. ಉತ್ತರ ಕರ್ನಾಟಕದಿಂದ ಬಂದವರು ನೆಲೆಸಿದ ಬಡಾವಣೆಗಳಲ್ಲೆಲ್ಲ ಈಗ ಒಂದೆರಡು ಖಾನಾವಳಿ ಇದ್ದೇ ಇವೆ. ಇಲ್ಲಿ ನೋಟಕ್ಕಿಂತ ಕಿವಿ ಮುಖ್ಯ. ಒಳಗಿಂದ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿದ್ದರೆ ಕೂತುಬಿಡಿ. ಸದ್ದಿಲ್ಲದಿದ್ದರೆ ಬರುವುದು ಒಣಗಿಸಿಟ್ಟ ಗರಿಗರಿ ಕಟಕ್ ರೊಟ್ಟಿ, ಇಲ್ಲವೇ ಬೆಳಗಿನ ರೊಟ್ಟಿಯನ್ನು ಬಿಸಿ ಮಾಡಿದ್ದು. ಕಟಕ್ ರೊಟ್ಟಿ ಕೆಟ್ಟದ್ದೇನಲ್ಲ. ಎಣಗಾಯಿಯ ರಸದಲ್ಲಿ ಅದ್ದಿ ನೆನೆಸಿ ತಿನ್ನುವ ಸುಖ ಬೇರೆಯೇ. ಆದರೆ ಬಿಸಿ ರೊಟ್ಟಿ ಅಂತ ಕೇಳಿದವರಿಗೆ ಬಿಸಿಯದ್ದೇ ಬರಬೇಕು. “ಬಿಸಿ ರೊಟ್ಟಿ ಐತೇನ್ರಿ?” ಅಂತ ಮೊದಲೇ ಕೇಳಿ. ಮಧ್ಯಾಹ್ನ 3ರವರೆಗೆ, ರಾತ್ರಿ 7:30ರ ಮೇಲೆ ಸಾಮಾನ್ಯವಾಗಿ ಇರುತ್ತದೆ.

ಊಟದ ಜೊತೆ ಎರಡು ರೊಟ್ಟಿ, ಎಣಗಾಯಿ ಅಥವಾ ಝುಣಕ, ಒಂದು ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಸೊಪ್ಪು-ಈರುಳ್ಳಿ, ಕೊನೆಗೆ ಅನ್ನ-ಸಾರು ಬರುತ್ತವೆ. ರೊಟ್ಟಿಯನ್ನು ಒಂದೊಂದಾಗಿ ತರಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ಹಾಕಿಸಿಕೊಂಡರೆ ಎರಡನೆಯದು ಆರಿ ಚರ್ಮವಾಗುತ್ತದೆ. ಶೇಂಗಾ ಅಲರ್ಜಿ ಇರುವವರಿಗೆ ಖಾನಾವಳಿ ಬೇಡವೇ ಬೇಡ. ಚಟ್ನಿಯಲ್ಲಿ ಮಾತ್ರವಲ್ಲ, ಎಣಗಾಯಿಯ ಮಸಾಲೆಯಲ್ಲಿ, ಪಲ್ಯಗಳ ಮೇಲೆ ಉದುರಿಸುವ ಪುಡಿಯಲ್ಲಿ ಎಲ್ಲ ಕಡೆ ಶೇಂಗಾ ಇರುತ್ತದೆ, ಬಡಿಸುವವರಿಗೆ ನೆನಪಿರುವುದಿಲ್ಲ. ಮಳೆಗಾಲದಲ್ಲಿ ಹಸಿ ಮೆಂತ್ಯದ ಬೇರಿನಲ್ಲಿ ಮಣ್ಣು ಉಳಿದಿದ್ದರೆ ಆ ಸೊಪ್ಪನ್ನು ಮುಟ್ಟಬೇಡಿ, ತೊಳೆದ ನೀರಿನ ಗತಿ ಅದರಿಂದಲೇ ತಿಳಿಯುತ್ತದೆ.

ಮೂರು, ಮಿಲ್ಟ್ರಿ ಹೋಟೆಲ್. ಮುದ್ದೆ, ಮಟನ್ ಸಾರು, ಚಾಪ್ಸ್, ಕೈಮಾ ಉಂಡೆ, ಬೋಟಿ, ತಲೆಮಾಂಸ, ಕಾಲು ಸೂಪು, ದೊನ್ನೆ ಬಿರಿಯಾನಿ. ಇಲ್ಲಿ ಹೊತ್ತಿನ ಜೊತೆಗೆ ವಾರವನ್ನೂ ನೋಡಬೇಕು. ಸೋಮವಾರ, ಶನಿವಾರ ಮಾಂಸ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಆ ದಿನಗಳಲ್ಲಿ ವ್ಯಾಪಾರ ಕಮ್ಮಿ, ಉಳಿಯುವುದು ಜಾಸ್ತಿ. ಭಾನುವಾರ ಉಳಿದ ಮಾಂಸ ಸೋಮವಾರ ಸಾರಾಗುವ ಸಾಧ್ಯತೆಯೂ ಇದೆ. ಮಂಗಳವಾರ, ಬುಧವಾರ, ಭಾನುವಾರ ಹೋಗಿ. ಶ್ರಾವಣದಲ್ಲಿ ಎಷ್ಟೋ ಹೋಟೆಲುಗಳು ಅಡುಗೆಯನ್ನು ಅರ್ಧಕ್ಕಿಳಿಸುತ್ತವೆ, ಕೆಲವು ತಿಂಗಳಿಡೀ ಮುಚ್ಚುತ್ತವೆ. ಆ ತಿಂಗಳು ಫೋನ್ ಮಾಡಿಯೇ ಹೊರಡಿ.

ಲಿವರ್, ತಲೆಮಾಂಸ, ಬೋಟಿ ಮೊದಲು ಮುಗಿಯುತ್ತವೆ. ಒಂದು ಕುರಿಗೆ ಲಿವರ್ ಒಂದೇ ತಾನೆ. 1 ಗಂಟೆಯ ಮೇಲೆ ಹೋದವರಿಗೆ “ಖಾಲಿ ಆಯ್ತು ಸಾರ್” ಅಂದರೆ ಸಿಟ್ಟಾಗಬೇಡಿ. ಹಾಗೆ ಹೇಳುವ ಹೋಟೆಲ್ಲೇ ನಂಬಿಕೆಗೆ ಅರ್ಹ. ರಾತ್ರಿ 10ಕ್ಕೂ ಎಲ್ಲ ಐಟಂ ಇದೆ ಎನ್ನುವಲ್ಲಿ ಫ್ರಿಜ್ಜು ದೊಡ್ಡದಿದೆ ಎಂದರ್ಥ.

ಮುದ್ದೆಯನ್ನು “ಈಗ ತೊಳಸಿದ್ದು ಇದೆಯಾ?” ಅಂತ ಕೇಳಿ ತರಿಸಿ. ಹೊಸದಾಗಿ ಕಟ್ಟಿದ ಮುದ್ದೆಯ ಮೈ ಮಿರಿಮಿರಿ ಮಿನುಗುತ್ತದೆ, ಬೆರಳು ಒತ್ತಿದರೆ ಸುಡುತ್ತದೆ. ಕಾದು ಕೂತ ಮುದ್ದೆಗೆ ಮೇಲೆ ಒಣ ಸಿಪ್ಪೆ ಕಟ್ಟಿ ಸಣ್ಣ ಬಿರುಕು ಬಿಟ್ಟಿರುತ್ತದೆ, ಗಂಟಲಲ್ಲಿ ಜಾರುವುದಿಲ್ಲ. ದೊನ್ನೆ ಬಿರಿಯಾನಿಗೂ ಇದೇ ಮಾತು: ದಮ್ ಒಡೆದ ಮೊದಲ ಅರ್ಧ ಗಂಟೆಯ ಘಮ ಆಮೇಲೆ ಇರುವುದಿಲ್ಲ. ಸಣ್ಣಕ್ಕಿ ಬಿಸಿಯಲ್ಲೇ ಕೂತರೆ ಮುದ್ದೆಯಾಗುತ್ತದೆ, ಆರಿದರೆ ಬಿರುಸಾಗುತ್ತದೆ. ಹೊಸಕೋಟೆ ಕಡೆ ಭಾನುವಾರ ನಸುಕಿನಲ್ಲೇ ಬಿರಿಯಾನಿಗೆ ಸಾಲು ನಿಲ್ಲುವುದು ಇದಕ್ಕೇ. ಅಲ್ಲಿಗೆ 5ಕ್ಕೇ ಹೊರಡಬೇಕು. 8ಕ್ಕೆ ಹೋದರೆ ಸಾಲು ಉದ್ದ, ಹಂಡೆ ಖಾಲಿ.

ನಾಲ್ವರಿಗೆ ಮಿಲ್ಟ್ರಿ ಹೋಟೆಲಿನಲ್ಲಿ ಎರಡು ಮುದ್ದೆ ಊಟ, ಎರಡು ಬಿರಿಯಾನಿ, ಒಂದು ಚಾಪ್ಸ್, ಒಂದು ಒಣ ಐಟಂ, ಇಷ್ಟರಲ್ಲಿ ಹೊಟ್ಟೆ ತುಂಬುತ್ತದೆ. ಚಾಪ್ಸ್‌ನ ಮಸಾಲೆ ಬಿರಿಯಾನಿಗೂ ಕಲಸಿಕೊಳ್ಳಲು ಬರುತ್ತದೆ, ಬೇರೆ ಗ್ರೇವಿ ಬೇಕಿಲ್ಲ.

ಸಂಜೆಯ ಕರಿದ ತಿಂಡಿ

ಬಾಣಲೆಯ ಎಣ್ಣೆಯನ್ನು ನೋಡದೆ ಬಜ್ಜಿ-ಬೋಂಡ ಕೊಳ್ಳಬೇಡಿ. ಹಿಟ್ಟು ಬಿಡುವ ಮುನ್ನವೇ ಹೊಗೆಯಾಡುವ, ಕಾಫಿ ಬಣ್ಣಕ್ಕೆ ತಿರುಗಿದ, ಮೇಲೆ ಸಣ್ಣ ನೊರೆ ನಿಂತೇ ಇರುವ ಎಣ್ಣೆ ಹಲವು ಸಲ ಕಾದದ್ದು. ತಿಂದ ಮೇಲೆ ಗಂಟಲು ಕೆರೆಯುವುದು, ಹುಳಿತೇಗು ಬರುವುದು ಅದರಿಂದಲೇ. 4:30ರಿಂದ 6ರವರೆಗಿನ ಮೊದಲ ಸುತ್ತುಗಳಲ್ಲಿ ಎಣ್ಣೆ ತಿಳಿಯಾಗಿರುತ್ತದೆ.

ಗೋಬಿ ಮಂಚೂರಿಗೆ ಬಣ್ಣ ಹಾಕುವಂತಿಲ್ಲ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ ಕಾಟನ್ ಕ್ಯಾಂಡಿಯಲ್ಲಿ ರೋಡಮೈನ್-ಬಿ ಬಣ್ಣವನ್ನೂ ನಿಷೇಧಿಸಿತು, ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕುವುದಕ್ಕೂ ನಿಷೇಧ ಬಂತು. ಬಣ್ಣವಿಲ್ಲದ ಗೋಬಿ ಕಂದು, ಬಣ್ಣವಿಲ್ಲದ ಕಬಾಬು ಇಟ್ಟಿಗೆಪುಡಿಯಂಥ ಮಂಕು ಕೆಂಪು. ಬೆರಳಿಗೆ ಅಂಟಿ ಸೋಪು ಹಾಕಿ ತೊಳೆದರೂ ಹೋಗದ ಕುಂಕುಮಗೆಂಪು ಕಂಡರೆ ಆ ಗಾಡಿಯ ಮುಂದೆ ಮಕ್ಕಳನ್ನು ನಿಲ್ಲಿಸಬೇಡಿ. ಪಾನಿಪೂರಿಯಲ್ಲಿ ಪೂರಿ, ಬಟಾಣಿ ಹೇಗೂ ಬೆಂದಿರುತ್ತವೆ, ಅಪಾಯ ನೀರಿನದು. ಕ್ಯಾನಿನ ನೀರು ಬಳಸುವ, ಕೈಗವಸು ಅಥವಾ ಸೌಟಿನಿಂದ ಬಡಿಸುವ ಜಾಗವನ್ನೇ ಆರಿಸಿ. ಇಲ್ಲದಿದ್ದರೆ ಮಸಾಲೆಪೂರಿ ತಿನ್ನಿ, ಅದು ಕುದಿಯುತ್ತಲೇ ಇರುತ್ತದೆ.

ರಾತ್ರಿ ಮನೆಮಂದಿಯ ಜೊತೆ

ಫ್ಯಾಮಿಲಿ ರೆಸ್ಟೋರೆಂಟ್ ಎಂಬ ಬೋರ್ಡಿದ್ದರೂ ಕೆಲವು ಕಡೆ ಕೆಳಗೆ ಬಾರ್ ಇರುತ್ತದೆ. ಫೋಟೋ ನೋಡಿ ಹೋಗುವ ಬದಲು ಫೋನ್ ಮಾಡಿ ನಾಲ್ಕು ಮಾತು ಕೇಳಿ: ಫ್ಯಾಮಿಲಿ ಸೆಕ್ಷನ್ ಬೇರೆ ಇದೆಯಾ, ಲಿಫ್ಟ್ ಇದೆಯಾ ಇಲ್ಲ ಮೆಟ್ಟಿಲು ಹತ್ತಬೇಕಾ, ಕಾರು ನಿಲ್ಲಿಸಲು ಜಾಗ ಇದೆಯಾ, ಕೊನೆಯ ಆರ್ಡರ್ ಎಷ್ಟು ಗಂಟೆಗೆ. ಮಂಡಿನೋವಿನ ಅತ್ತೆಯನ್ನು ಕರೆದುಕೊಂಡು ಹೋಗಿ ಎರಡನೇ ಮಹಡಿಯ ಮೆಟ್ಟಿಲ ಕೆಳಗೆ ನಿಲ್ಲುವ ಪಾಡು ಆಗ ತಪ್ಪುತ್ತದೆ. ಭಾನುವಾರ 8ರಿಂದ 9:30 ಕಾಯುವ ಸಾಲು ಇರುತ್ತದೆ. 7:15ಕ್ಕೆ ಒಳಗಿರಿ.

ನಾರ್ತ್ ಇಂಡಿಯನ್ ಗ್ರೇವಿಗಳು ಎಲ್ಲವೂ ಒಂದೇ ರುಚಿ ಅನ್ನಿಸುವುದಕ್ಕೆ ಕಾರಣವಿದೆ. ಹೆಚ್ಚಿನ ಅಡುಗೆಮನೆಗಳಲ್ಲಿ ಟೊಮೆಟೊ-ಈರುಳ್ಳಿಯ ಕೆಂಪು ಗ್ರೇವಿ ಒಂದು, ಗೋಡಂಬಿಯ ಬಿಳಿ ಗ್ರೇವಿ ಒಂದು ಮೊದಲೇ ಮಾಡಿಟ್ಟಿರುತ್ತಾರೆ, ಅದರಿಂದಲೇ ಹತ್ತಾರು ಹೆಸರು ಹುಟ್ಟುತ್ತವೆ. ಎರಡು ಗ್ರೇವಿ ತರಿಸುವುದಾದರೆ ಒಂದು ಕೆಂಪು ಬಗೆಯದ್ದು, ಇನ್ನೊಂದು ದಾಲ್ ಅಥವಾ ಒಣ ಪಲ್ಯ ಇರಲಿ. ನಾಲ್ವರಿಗೆ ಒಂದು ಸ್ಟಾರ್ಟರ್, ಎರಡು ಗ್ರೇವಿ, ಎಂಟು ರೋಟಿ, ಒಂದು ಜೀರಾ ರೈಸ್ ಸಾಕು. ರೋಟಿಯನ್ನು ನಾಲ್ಕು-ನಾಲ್ಕಾಗಿ ಎರಡು ಸಲ ತರಿಸಿ. ತಂದೂರಿ ರೋಟಿ ಆರಿತೆಂದರೆ ಹರಿಯುವುದೇ ಕಷ್ಟ. ಮೊದಲೇ ಎಲ್ಲ ಆರ್ಡರ್ ಮಾಡಿದರೆ ಸ್ಟಾರ್ಟರ್ ತಿನ್ನುತ್ತಿರುವಾಗಲೇ ರೋಟಿ ಬಂದು ಕೂರುತ್ತದೆ. “ಸ್ಟಾರ್ಟರ್ ಮುಗಿದ ಮೇಲೆ ಹೇಳ್ತೀವಿ, ಆಮೇಲೆ ರೋಟಿ ಹಾಕಿ” ಅಂತ ಆರ್ಡರ್ ತೆಗೆದುಕೊಳ್ಳುವವರಿಗೇ ಹೇಳಿ.

ಕರಾವಳಿ ಹೋಟೆಲಿನಲ್ಲಿ ಮೀನಿಗೆ ಮೆನುವಿನಲ್ಲಿ ದರವಿಲ್ಲದೆ “ಸೈಜ್ ಮೇಲೆ” ಎಂದಿದ್ದರೆ ಮೀನನ್ನು ತಟ್ಟೆಯಲ್ಲಿ ತಂದು ತೋರಿಸಿ ಬೆಲೆ ಹೇಳಲು ಕೇಳಿ. ಇದು ಅಲ್ಲಿ ರೂಢಿ, ಸಂಕೋಚ ಬೇಡ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಿರಬೇಕು.

ಬಿಲ್ ಬಂದಾಗ

ಬಿಲ್ಲನ್ನು ಮೇಲಿಂದ ಕೆಳಗೆ ಒಂದು ಸಲ ಓದಿ. ಅದರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು. 2022ರ ಜನವರಿ 1ರಿಂದ ಅದನ್ನು ಬಿಲ್ಲಿನಲ್ಲಿ ಹಾಕುವುದು ಕಡ್ಡಾಯ. 1ರಿಂದ ಶುರುವಾದರೆ ಅದು ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣ ವ್ಯಾಪಾರಿಗಳ ನೋಂದಣಿ. ದೂರು ಕೊಡಬೇಕಾಗಿ ಬಂದರೆ ಈ ಸಂಖ್ಯೆಯೇ ಆಧಾರ.

ಬಡಾವಣೆಯ ಮಾಮೂಲಿ ಹೋಟೆಲಿನಲ್ಲಿ ಜಿಎಸ್‌ಟಿ ಶೇ 5. ಎಸಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. 840 ರೂಪಾಯಿಯ ಊಟಕ್ಕೆ ಕೇಂದ್ರದ ಪಾಲು (ಸಿಜಿಎಸ್‌ಟಿ) 21, ರಾಜ್ಯದ ಪಾಲು (ಎಸ್‌ಜಿಎಸ್‌ಟಿ) 21, ಒಟ್ಟು 882. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದರೆ ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಸಣ್ಣ ಹೋಟೆಲುಗಳು ಗ್ರಾಹಕರಿಂದ ಜಿಎಸ್‌ಟಿ ಬೇರೆ ವಸೂಲಿ ಮಾಡುವಂತಿಲ್ಲ. ಅವರದು ‘ಬಿಲ್ ಆಫ್ ಸಪ್ಲೈ’ ಆಗಿರುತ್ತದೆ. ಹಾಗೆಂದು ಅಚ್ಚಾದ ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದರೆ ಕೇಳಿ ತೆಗೆಸಿ.

ಸರ್ವಿಸ್ ಚಾರ್ಜ್ ಬೇರೆ ವಿಷಯ. ಅದು ಸರ್ಕಾರಕ್ಕೆ ಹೋಗುವ ತೆರಿಗೆಯಲ್ಲ. ಬಿಲ್ಲಿಗೆ ತಾನಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ 840ಕ್ಕೆ ಶೇ 10 ಸರ್ವಿಸ್ ಚಾರ್ಜ್ ಹಾಕಿದರೆ 924, ಅದರ ಮೇಲೆ ಜಿಎಸ್‌ಟಿ 46.20, ಒಟ್ಟು 970.20. ಅಂದರೆ ಹೆಚ್ಚುವರಿ 88.20 ರೂಪಾಯಿ. ಬರೀ 84 ಕಳೆದು ಕೊಟ್ಟರೆ ಸಾಲದು, ಜಿಎಸ್‌ಟಿಯನ್ನೂ ಮರುಲೆಕ್ಕ ಹಾಕಿಸಿ. ಟಿಪ್ಸ್ ಕೊಡುವ ಮನಸ್ಸಿದ್ದರೆ ಬಡಿಸಿದವರ ಕೈಗೇ ಕೊಡಿ, ಟೇಬಲ್ ಒರೆಸುವ ಕ್ಲೀನರ್‌ಗೂ ಹತ್ತಿಪ್ಪತ್ತು ರೂಪಾಯಿ ಸಲ್ಲಲಿ. ಅವರ ಕೈಗೆ ಅದು ತಲುಪುವುದು ಅಪರೂಪ.

ಬಾಟಲಿ ನೀರಿನ ಬಗ್ಗೆ ಜಗಳವಾಡಿ ಪ್ರಯೋಜನವಿಲ್ಲ. ಹೋಟೆಲಿನಲ್ಲಿ ಕೂತು ಕುಡಿಯುವ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. “ಮಾಮೂಲಿ ನೀರು ಕೊಡಿ, ಬಿಸಿನೀರಾದರೆ ಒಳ್ಳೆಯದು” ಅಂತ ಕೂತ ಕೂಡಲೇ ಹೇಳಿದರೆ ಬಾಟಲಿ ಟೇಬಲ್ ಮೇಲೆ ಬರುವುದಿಲ್ಲ.

ಯುಪಿಐ ಎಲ್ಲೆಡೆ ಇದ್ದರೂ ಕೈಯಲ್ಲಿ 500 ರೂಪಾಯಿ ಚಿಲ್ಲರೆ ಇರಲಿ. ಬೆಳಗಿನ ರಶ್ಶಿನಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಹಿಂದೆ ನಿಂತ ಇಪ್ಪತ್ತು ಜನ ಕಾಯಬೇಕಾಗುತ್ತದೆ.

ಪಾರ್ಸೆಲ್

ಪಾರ್ಸೆಲ್ಲಿಗೆ ಮನೆಯಿಂದ ಸ್ಟೀಲ್ ಡಬ್ಬಿ, ಕ್ಯಾರಿಯರ್ ಒಯ್ಯಿರಿ. ಕುದಿಯುವ ಸಾಂಬಾರನ್ನು ತೆಳು ಪ್ಲಾಸ್ಟಿಕ್ ಕವರಿಗೆ ಸುರಿಸಿಕೊಂಡು ಬಂದು ಮಕ್ಕಳಿಗೆ ಬಡಿಸುವುದು ಯಾವ ರೀತಿಯಲ್ಲೂ ಒಳ್ಳೆಯದಲ್ಲ. ಇಡ್ಲಿ, ಬಾತು, ರೊಟ್ಟಿ, ಬಿರಿಯಾನಿ ಪಾರ್ಸೆಲ್ಲಿಗೆ ಒಗ್ಗುತ್ತವೆ. ಮಸಾಲೆ ದೋಸೆ ಒಗ್ಗುವುದಿಲ್ಲ, ತನ್ನ ಹಬೆಯಲ್ಲೇ ತಾನು ಮೆತ್ತಗಾಗುತ್ತದೆ. ತರಲೇಬೇಕಿದ್ದರೆ ಪಲ್ಯ ಬೇರೆ ಕಟ್ಟಿಸಿ, ದೋಸೆಯನ್ನು ಬಾಳೆ ಎಲೆಯಲ್ಲಿ ಸಡಿಲವಾಗಿ ಸುತ್ತಿಸಿ, ಮನೆಗೆ ಬಂದು ಕಾದ ಕಾವಲಿಯ ಮೇಲೆ ಎಣ್ಣೆಯಿಲ್ಲದೆ ಅರ್ಧ ನಿಮಿಷ ಹಾಕಿ. ಮುದ್ದೆಯನ್ನು ತರುವುದಾದರೆ ಒಳಗೆ ತುಪ್ಪ ಸವರಿದ ಹಾಟ್‌ಬಾಕ್ಸಿನಲ್ಲಿ ತನ್ನಿ, ಅರ್ಧ ಗಂಟೆಯೊಳಗೆ ಉಣ್ಣಿ.

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಮಧ್ಯಾಹ್ನ ಕಟ್ಟಿಸಿದ ಚಿತ್ರಾನ್ನವನ್ನು ಕಾರಿನಲ್ಲೇ ಬಿಟ್ಟು ಸಂಜೆ ತಿನ್ನುವುದು ಅತ್ಯಂತ ಕೆಟ್ಟ ಅಭ್ಯಾಸ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. 2 ಗಂಟೆಯೊಳಗೆ ತಿನ್ನಿ, ಇಲ್ಲವೇ ಫ್ರಿಜ್ಜಿಗೆ ಸೇರಿಸಿ.

ಊಟ ಸರಿಯಿಲ್ಲದಿದ್ದರೆ

ಹುಳಿತದ್ದು, ಕೂದಲು, ಹುಳ ಏನೇ ಕಂಡರೂ ತಿನ್ನುವುದನ್ನು ನಿಲ್ಲಿಸಿ, ತಟ್ಟೆಯನ್ನು ಹಾಗೇ ಇಟ್ಟುಕೊಂಡು ಒಂದು ಫೋಟೋ ತೆಗೆಯಿರಿ. ಬಡಿಸುವ ಹುಡುಗನ ಮೇಲೆ ಕೂಗಾಡಬೇಡಿ, ಅಡುಗೆ ಅವನ ಕೈಯಲ್ಲಿಲ್ಲ. ಗಲ್ಲಾದಲ್ಲಿ ಕೂತವರನ್ನು ಟೇಬಲ್ಲಿಗೆ ಕರೆದು ತೋರಿಸಿ. ಹೆಚ್ಚಿನವರು ಬೇರೆ ತಟ್ಟೆ ಕೊಡುತ್ತಾರೆ ಅಥವಾ ಆ ಐಟಂ ಬಿಲ್ಲಿನಿಂದ ತೆಗೆಯುತ್ತಾರೆ. ಚಟ್ನಿ ಹುಳಿತಿದ್ದರೆ ಬದಲಿಗೆ ಕೊಡುವುದೂ ಅದೇ ಪಾತ್ರೆಯ ಚಟ್ನಿ ಎಂಬುದು ನೆನಪಿರಲಿ. ಪಾತ್ರೆಯನ್ನೇ ಬದಲಾಯಿಸುವಂತೆ ಹೇಳಿ, ಅದು ಉಳಿದ ಗ್ರಾಹಕರಿಗೂ ಒಳ್ಳೆಯದು.

ಕೇಳಿಸಿಕೊಳ್ಳದಿದ್ದರೆ ಬಿಲ್ ಇಟ್ಟುಕೊಂಡು ದೂರು ಕೊಡಿ. ದರ, ಸರ್ವಿಸ್ ಚಾರ್ಜ್ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಹಾರದ ಸ್ವಚ್ಛತೆಯ ವಿಷಯಕ್ಕೆ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್ ಇದೆ, ಬಿಲ್ಲಿನ ಮೇಲಿನ 14 ಅಂಕಿ ಅಲ್ಲಿ ಬೇಕಾಗುತ್ತದೆ. ತಿಂದ ಮೇಲೆ ವಾಂತಿ-ಭೇದಿ ಶುರುವಾದರೆ ಮೊದಲು ಓಆರ್‌ಎಸ್. ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ, ಗರ್ಭಿಣಿಯರಿಗೆ ತಡ ಮಾಡದೆ ಡಾಕ್ಟರಲ್ಲಿಗೆ.

ಬರೆದಿಟ್ಟುಕೊಳ್ಳಬೇಕಾದ್ದು

ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪಟ್ಟಿ ಮಾಡಿ. ಹೋಟೆಲಿನ ಹೆಸರು, ಚೆನ್ನಾಗಿದ್ದ ಒಂದೇ ಒಂದು ಪದಾರ್ಥ, ತಿಂದ ಹೊತ್ತು, ತಿಂಗಳು, ಇಷ್ಟೇ ಸಾಕು. “ಸೆಟ್ ದೋಸೆ, ಬೆಳಿಗ್ಗೆ 7:45, ಜೂನ್” ಎಂಬ ಒಂದು ಸಾಲು ಇನ್ನೂರು ಜನರ ಸ್ಟಾರ್‌ಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಆರು ತಿಂಗಳು ಹಳೆಯದಾದ ಸಾಲನ್ನು ಮತ್ತೆ ಪರೀಕ್ಷಿಸದೆ ನೆಂಟರನ್ನು ಕರೆದೊಯ್ಯಬೇಡಿ. ಹೊಸ ಬಡಾವಣೆಗಳಲ್ಲಿ ಬೋರ್ಡು ಅದೇ ಇದ್ದು ಹೋಟೆಲ್ ಬೇರೆಯವರ ಕೈಗೆ ಹೋಗಿರುತ್ತದೆ, ಇಲ್ಲವೇ ಭಟ್ಟರು ಮುಂದಿನ ಕ್ರಾಸಿನ ಹೋಟೆಲಿಗೆ ಸೇರಿರುತ್ತಾರೆ. ಸಾಂಬಾರಿನ ಘಮ ಬದಲಾಗಿದ್ದರೆ ಗಲ್ಲಾದಲ್ಲೇ ಕೇಳಿ, “ಹಳೇ ಭಟ್ಟರು ಎಲ್ಲಿದ್ದಾರೆ?” ಎಂದು. ಬಹಳ ಸಲ ಕ್ಲೀನರ್ ಹುಡುಗನೇ ಮೆಲ್ಲಗೆ ಹೇಳುತ್ತಾನೆ.